ಎರಡು ಯೂನಿಟ್ಟಿನ ಕಳ್ಳ

ಆ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ದೊಡ್ಡವರಿಗೂ ಚಿಕ್ಕವರಿಗೂ ಅವರು ಮೀಟರ್ ಮಾವ. ವಿದ್ಯುತ್ ಇಲಾಖೆಯಲ್ಲಿ ಮೂವತ್ತಾರು ವರ್ಷ ದುಡಿದವರು. ಮೊದಲ ಹನ್ನೆರಡು ವರ್ಷ ಮನೆಮನೆಗೆ ಹೋಗಿ ಮೀಟರ್ ಓದಿದರು, ಉಳಿದ ಇಪ್ಪತ್ತನಾಲ್ಕು ವರ್ಷ ಕರೆಂಟ್ ಕಳ್ಳರನ್ನು ಹಿಡಿಯುವ ದಳದಲ್ಲಿದ್ದರು. ಮೀಟರಿಗೆ ಅಯಸ್ಕಾಂತ ಅಂಟಿಸಿದವರು, ಗಾಜಿನ ಸಂದಿಯಲ್ಲಿ ಫಿಲಂ ತುಂಡು ತೂರಿಸಿ ಚಕ್ರ ನಿಲ್ಲಿಸಿದವರು, ಕಂಬದ ತಂತಿಗೆ ಕೊಕ್ಕೆ ಎಸೆದು ಮನೆಯೆಲ್ಲ ಬೆಳಗಿಸಿಕೊಂಡವರು, ಹೀಗೆ ಅವರ ಕೈಗೆ ಸಿಕ್ಕವರಿಗೆ ಲೆಕ್ಕವಿಲ್ಲ. ನಿವೃತ್ತಿಯ ದಿನ ಇಲಾಖೆ ಅವರಿಂದ ಟೆಸ್ಟರನ್ನೂ ಗುರುತಿನ ಚೀಟಿಯನ್ನೂ ಇಸಿದುಕೊಂಡಿತು. ಅನುಮಾನವನ್ನು ಮಾತ್ರ ಅವರ ಬಳಿಯೇ ಬಿಟ್ಟಿತು.

ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎನ್ನುತ್ತಾರಲ್ಲ, ಹಾಗೆ. ಹಾಲಿನವನು ನಗುತ್ತ ಬಂದರೆ ಇವತ್ತು ನೀರು ಜಾಸ್ತಿ ಹಾಕಿದ್ದಾನೆ. ಸಿಡುಕುತ್ತ ಬಂದರೆ ನಿನ್ನೆ ಹಾಕಿದ್ದು ಗೊತ್ತಾಗಿಬಿಟ್ಟಿತೇ ಎಂದು ಹೆದರಿದ್ದಾನೆ. ನಗದೆ ಸಿಡುಕದೆ ಬಂದನೋ, ಅವನಂಥ ಪಾಕಡಾ ಇನ್ನೊಬ್ಬನಿಲ್ಲ. ಮನೆಗೆ ಬಂದ ಗ್ಯಾಸ್ ಸಿಲಿಂಡರನ್ನು ತೂಕಕ್ಕೆ ಹಾಕದೆ ಒಳಗೆ ಬಿಟ್ಟುಕೊಂಡ ದಿನವಿಲ್ಲ. ವೈದ್ಯರು ಬರೆದುಕೊಟ್ಟ ಮಾತ್ರೆ ಮತ್ತು ಅಂಗಡಿಯವನು ಕೊಟ್ಟ ಮಾತ್ರೆ ಒಂದೇ ಹೌದೋ ಅಲ್ಲವೋ ಎಂದು ಭೂತಗನ್ನಡಿ ಹಿಡಿದು ನೋಡುತ್ತಿದ್ದರು. ಇಷ್ಟಾದರೂ ಮನುಷ್ಯ ಕೆಟ್ಟವರಲ್ಲ. ಬೀದಿಯಲ್ಲಿ ಯಾರ ಮನೆಯ ದೀಪ ಹೋದರೂ ಮೊದಲು ಓಡುತ್ತಿದ್ದವರು ಅವರೇ. ರಿಪೇರಿ ಮಾಡಿ, ಒಂದು ಲೋಟ ನೀರನ್ನೂ ಕುಡಿಯದೆ, ಆ ಮನೆಯ ಮೀಟರಿನ ಮೇಲೆ ಒಂದು ಕಣ್ಣು ಹಾಯಿಸಿ ಬರುತ್ತಿದ್ದರು, ಅಷ್ಟೇ.

ತಮ್ಮ ಮನೆಯ ಮೀಟರಿಗಂತೂ ಅವರು ಮರದ ಪೆಟ್ಟಿಗೆ ಮಾಡಿಸಿ ಬೀಗ ಹಾಕಿದ್ದರು. ಫ್ಯೂಸುಗಳೂ ಅದರೊಳಗೇ. ಕೀಲಿ ಅಂಗಿಯ ಜೇಬಿನಲ್ಲಿ, ಅಂಗಿ ಕಳಚಿದರೆ ದಿಂಬಿನ ಕೆಳಗೆ. ದಿನಾ ಬೆಳಿಗ್ಗೆ ಆರಕ್ಕೆ ಪೆಟ್ಟಿಗೆ ತೆರೆದು ಓದಿ, ಗೋಡೆಯ ಕ್ಯಾಲೆಂಡರಿನ ಆ ದಿನದ ಮನೆಯೊಳಗೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ಇಬ್ಬರೇ ಇರುವ ಮನೆ, ದಿನಕ್ಕೆ ನಾಲ್ಕು ಯೂನಿಟ್ಟು. ನಾಲ್ಕು ದಾಟಿದ ದಿನ ಮನೆಯಲ್ಲಿ ವಿಚಾರಣೆ ನಡೆಯುತ್ತಿತ್ತು.

ವಿಚಾರಣೆಗೆ ಗುರಿಯಾಗುತ್ತಿದ್ದವರು ಹೆಂಡತಿ. ಹೆರಿಗೆ ಆಸ್ಪತ್ರೆಯಲ್ಲಿ, ಎಳೆ ಕೂಸುಗಳ ವಾರ್ಡಿನಲ್ಲಿ ನರ್ಸಾಗಿದ್ದವರು. ಬೀದಿಗೆ ಸಿಸ್ಟರಮ್ಮ. ಎಲ್ಲಿಗೆ ಹೋಗಿದ್ದೆ, ಯಾಕೆ, ಅಲ್ಲಿ ಯಾರಿದ್ದರು, ಇಷ್ಟು ಹೊತ್ತು ಯಾಕಾಯಿತು ಎಂದು ಮಾವ ಕೇಳದ ದಿನವಿರಲಿಲ್ಲ. ಮದುವೆಯಾದ ಹೊಸತರಲ್ಲಿ ಆಕೆ ಎಲ್ಲಕ್ಕೂ ವಿವರವಾಗಿ ಉತ್ತರ ಕೊಡುತ್ತಿದ್ದರು. ಆಮೇಲೆ ಉತ್ತರಗಳು ಚಿಕ್ಕವಾದವು. ಕೊನೆಕೊನೆಗೆ ಪ್ರಶ್ನೆಯೇ ಹುಟ್ಟದ ಹಾಗೆ ಬದುಕುವುದನ್ನು ಕಲಿತುಬಿಟ್ಟರು. ಮಾವ ಅದನ್ನು ಹೊಂದಾಣಿಕೆ ಎಂದುಕೊಂಡಿದ್ದರು.

ಒಮ್ಮೆ ಆಕೆಯ ಸ್ವಂತ ತಮ್ಮ ಹೊಸ ಮನೆ ಕಟ್ಟುವಾಗ ಕಂಬದಿಂದ ಎರಡು ದಿನ ತಂತಿ ಎಳೆದುಕೊಂಡಿದ್ದ. ಊಟಕ್ಕೆಂದು ಹೋದ ಭಾವ ಕೈ ತೊಳೆಯುವ ಮುಂಚೆಯೇ ಕೇಸು ಬರೆದರು. ತಮ್ಮ ಮತ್ತೆ ಈ ಮನೆಯ ಹೊಸ್ತಿಲು ತುಳಿಯಲಿಲ್ಲ. ಸಿಸ್ಟರಮ್ಮ ಅವತ್ತು ಏನೂ ಅನ್ನಲಿಲ್ಲ. ಏನೂ ಅನ್ನದಿದ್ದುದನ್ನು ಮಾವ ಒಪ್ಪಿಗೆ ಎಂದೇ ತಿಳಿದರು. ಕಳ್ಳರ ಮುಖ ಓದುವುದರಲ್ಲಿ ಎತ್ತಿದ ಕೈಯಾದ ಮನುಷ್ಯ, ಮನೆಯವರ ಮುಖ ಓದುವುದರಲ್ಲಿ ಒಂದನೇ ಕ್ಲಾಸು ಕೂಡ ಪಾಸಾಗಿರಲಿಲ್ಲ.

ಮನೆಯ ಮುಂದೆ ಹತ್ತು ಹೆಜ್ಜೆ ಉದ್ದದ ತೋಟ. ಅದು ಪೂರ್ತಿ ಸಿಸ್ಟರಮ್ಮನದು. ಗೇಟಿನ ಬಳಿ ಒಂದು ಈಚಲು, ನಡುವೆ ಬೀಸಣಿಗೆಯಂಥ ಎಲೆಗಳ ಒಂದು ಪಾಮ್, ಆಚೆ ಗೋಡೆಯ ಪಕ್ಕ ಒಂದು ಗಿಡ್ಡ ತೆಂಗು. ಮೊದಲಿನೆರಡು ಮನೆಯ ಜೊತೆಗೇ ಬಂದಂಥವು. ತೆಂಗು ಮಾತ್ರ ಆಕೆ ಕೆಲಸದಿಂದ ನಿವೃತ್ತರಾದ ವಾರ ತಾವೇ ಗುಂಡಿ ತೋಡಿ ನೆಟ್ಟದ್ದು. ಆರು ವರ್ಷ ಸಾಕಿದ್ದರು. ಒಂದೂವರೆ ಆಳೆತ್ತರ ಬೆಳೆದಿತ್ತು. ಈ ವರ್ಷ ಮೊದಲ ಬಾರಿಗೆ ಹೊಂಬಾಳೆ ಹೊರಬಂದಿತ್ತು, ಇನ್ನೂ ಬಿಚ್ಚಿರಲಿಲ್ಲ. ಸಿಸ್ಟರಮ್ಮ ದಿನಕ್ಕೆ ನಾಲ್ಕು ಸಲ ಅದರ ಕೆಳಗೆ ನಿಂತು ಕತ್ತೆತ್ತಿ ನೋಡುತ್ತಿದ್ದರು. ಮರದ ವಿಷಯದಲ್ಲಿ ಮಾವನಿಗೆ ಕೇಳಲು ಯಾವ ಪ್ರಶ್ನೆಯೂ ಇರಲಿಲ್ಲ, ಅದಕ್ಕೆ ಮೀಟರ್ ಇರಲಿಲ್ಲವಲ್ಲ. ಬಹುಶಃ ಅದಕ್ಕೇ ಆಕೆಗೆ ಅದು ಅಷ್ಟು ಇಷ್ಟವಾಗಿತ್ತು.

ಆಗ ಬಂತು ಚಳಿ. ಆ ಊರಿಗೆ ಚಳಿ ಎಂದರೆ ಬೆಳಗಿನ ಜಾವ ಒಂದು ಹೊದಿಕೆ ಜಾಸ್ತಿ ಎಳೆದುಕೊಳ್ಳುವುದು, ಅಷ್ಟೇ. ಈ ಸಲ ಹಾಗಲ್ಲ. ಐವತ್ತು ವರ್ಷದಲ್ಲಿ ಕಾಣದ ಚಳಿ ಎಂದು ಪತ್ರಿಕೆಯಲ್ಲಿ ಬಂತು. ಸ್ವೆಟರ್ ಇಲ್ಲದ ಜನ ಸ್ನಾನದ ಟವೆಲ್ಲನ್ನೇ ಕಿವಿಗೆ ಸುತ್ತಿಕೊಂಡು ಓಡಾಡಿದರು. ನಲ್ಲಿಯ ನೀರು ಮುಟ್ಟಿದರೆ ಕೈ ಕಚ್ಚುತ್ತಿತ್ತು. ಬೀದಿಯ ಬಾಳೆಗಿಡಗಳು ಎರಡೇ ರಾತ್ರಿಗೆ ಕಪ್ಪಾಗಿ ಜೋತುಬಿದ್ದವು.

ಸಿಸ್ಟರಮ್ಮ ಅವತ್ತು ವಾರಕ್ಕಾಗುವಷ್ಟು ಮಾತನ್ನು ಒಂದೇ ಸಲಕ್ಕೆ ಆಡಿದರು. "ಈಚಲಿಗೇನೂ ಆಗಲ್ಲ ರೀ, ಅದು ಗಟ್ಟಿ ಜೀವ. ಆ ಬೀಸಣಿಗೆ ಪಾಮೂ ಎಲೆ ಸುಟ್ಕೊಂಡ್ರೂ ಬದುಕ್ಕೊಳ್ಳುತ್ತೆ. ಭಯ ಇರೋದು ತೆಂಗಿಂದು. ಬೇರೆ ಮರಕ್ಕಾದ್ರೆ ಒಂದು ಕೊಂಬೆ ಹೋದ್ರೆ ಇನ್ನೊಂದು ಕಡೆ ಚಿಗುರುತ್ತೆ. ಇದಕ್ಕಿರೋದು ನೆತ್ತೀಲಿ ಒಂದೇ ಸುಳಿ. ಸುಳಿ ಸತ್ರೆ ಮರ ಸತ್ತ ಹಾಗೆ."

ಮಾವ ಹೂಂ ಎಂದರು. ಆಕೆ ಅಷ್ಟಕ್ಕೇ ಬಿಡಲಿಲ್ಲ. ಬುಡಕ್ಕೆ ಒಣಗಿದ ಎಲೆಯನ್ನು ಮೊಣಕಾಲೆತ್ತರ ಹಾಸಿದರು. ಮಧ್ಯಾಹ್ನದ ಬಿಸಿಲಿನಲ್ಲಿ ಮಣ್ಣಿಗೆ ನೀರು ಕೊಟ್ಟರು, ಒದ್ದೆ ಮಣ್ಣು ಹಗಲಿನ ಕಾವನ್ನು ಇರುಳಿಗೆ ಉಳಿಸಿಕೊಳ್ಳುತ್ತದಂತೆ. ನೆತ್ತಿಗೆ ಮಾತ್ರ ಒಂದು ಹನಿಯೂ ಬೀಳದಂತೆ ನೋಡಿಕೊಂಡರು. ಸುಳಿಯಲ್ಲಿ ನೀರು ನಿಂತರೆ ಕೊಳೆಯುತ್ತದೆ ಎಂದರು. ಕಾಂಡಕ್ಕೆ ಗೋಣಿ ಸುತ್ತಿದರು. ಇಷ್ಟೆಲ್ಲ ಆರೈಕೆ ನೋಡಿ ಮಾವ, "ನನಗೆ ಜ್ವರ ಬಂದಾಗಲೂ ಇಷ್ಟು ಮಾಡಲಿಲ್ಲ ನೀನು" ಎಂದು ನಕ್ಕರು. ಸಿಸ್ಟರಮ್ಮ ನಗಲಿಲ್ಲ.

ಅನುಮಾನದ ಮೊದಲ ಎಳೆ ಸಿಕ್ಕಿದ್ದು ಕ್ಯಾಲೆಂಡರಿನಲ್ಲಿ. ಸೋಮವಾರ ನಾಲ್ಕು. ಮಂಗಳವಾರ ಐದು ಮುಕ್ಕಾಲು. ಬುಧವಾರ ಮತ್ತೆ ಐದು ಮುಕ್ಕಾಲು. ಮಾವ ಕನ್ನಡಕ ಒರೆಸಿಕೊಂಡು ಎರಡನೆಯ ಬಾರಿ ಓದಿದರು. ಹತ್ತಿರ ಹತ್ತಿರ ಎರಡು ಯೂನಿಟ್ಟು ಎಲ್ಲಿಗೋ ಹೋಗುತ್ತಿತ್ತು.

ಹೊರಗಿನವರಿಗೆ ಇದು ನಗೆಪಾಟಲು. ಮಾವನಿಗೆ ಹಾಗಲ್ಲ. ಊರಿನ ಕಳ್ಳರನ್ನೆಲ್ಲ ಹಿಡಿದವನ ಮನೆಗೇ ಕನ್ನ ಬಿತ್ತೆಂದರೆ ಮುಖ ಎಲ್ಲಿ ಇಡುವುದು? ಮೊದಲು ಫ್ರಿಜ್ಜಿನ ಮೇಲೆ ಗುಮಾನಿ ಬಂತು. ಹಗಲಿನಲ್ಲಿ ಮನೆಯ ಎಲ್ಲ ಸ್ವಿಚ್ಚು ಆರಿಸಿ ಮೀಟರಿನ ಮುಂದೆ ಕುರ್ಚಿ ಹಾಕಿಕೊಂಡು ಒಂದು ಗಂಟೆ ಕೂತರು. ಮೀಟರ್ ಮಿಸುಕಲಿಲ್ಲ. ಆಮೇಲೆ ಮಲಗುವ ಮುಂಚೆ ಒಂದು ಸಲ, ಎದ್ದ ಕೂಡಲೇ ಒಂದು ಸಲ ಓದಲು ಶುರು ಮಾಡಿದರು. ಎರಡು ದಿನಕ್ಕೆ ವಿಷಯ ಸ್ಪಷ್ಟವಾಯಿತು. ಹೆಚ್ಚಿನದೆಲ್ಲ ಹೋಗುತ್ತಿದ್ದುದು ಅವರು ನಿದ್ದೆಯಲ್ಲಿದ್ದಾಗ. ಒಂಬತ್ತಕ್ಕೆಲ್ಲ ಕಿವಿಗೆ ಹತ್ತಿ ತುರುಕಿ, ಮಂಕಿ ಟೋಪಿ ಎಳೆದುಕೊಂಡು ಹಿಂದಿನ ಕೋಣೆಯಲ್ಲಿ ಮಲಗಿದರೆ ಬೆಳಿಗ್ಗೆ ಐದೂವರೆಯವರೆಗೆ ಅವರಿಗೆ ಲೋಕವಿಲ್ಲ. ಇದನ್ನು ಬಲ್ಲವರೇ ಮಾಡುತ್ತಿರುವ ಕೆಲಸ ಎಂದುಕೊಂಡರು.

ತೋಟದ ಮೂಲೆಯಲ್ಲಿ, ತೆಂಗಿನಿಂದ ನಾಲ್ಕು ಹೆಜ್ಜೆಯಲ್ಲಿ, ನೀರಿನ ಪಂಪಿನ ಪ್ಲಗ್ ಇತ್ತು. ಪಂಪು ಓಡಿಸಿ ಹತ್ತು ದಿನವಾಗಿತ್ತು. ಅಲ್ಲೆಲ್ಲ ಧೂಳು ಕೂತಿತ್ತು. ಪ್ಲಗ್ಗಿನ ತೂತುಗಳ ಸುತ್ತ ಮಾತ್ರ ಬೆರಳಗಲದ ಜಾಗ ಉಜ್ಜಿದಂತೆ ಶುಭ್ರವಾಗಿತ್ತು. ಮಾವನ ಮೈಯಲ್ಲಿ ಇಪ್ಪತ್ತನಾಲ್ಕು ವರ್ಷದ ಹಳೆಯ ರಕ್ತ ಒಮ್ಮೆಲೇ ಓಡಿತು. ಕತ್ತೆತ್ತಿ ನೋಡಿದರೆ ಎದುರಿಗೆ ಗೋಡೆ. ಗೋಡೆಯಾಚೆ ವೆಲ್ಡರನ ಶೆಡ್ಡು.

ಈ ವೆಲ್ಡರ್ ಗೇಟು, ಕಿಟಕಿಯ ಸರಳು ಮಾಡುವವನು, ನಲವತ್ತರ ಆಸುಪಾಸಿನ ಮಿತಭಾಷಿ. ಮಾವ ಕೆಲಸದಲ್ಲಿದ್ದಾಗ ಅವನ ಮೀಟರನ್ನು ಎರಡು ಸಲ ಬಿಚ್ಚಿ ನೋಡಿದ್ದರು. ಏನೂ ಸಿಗಲಿಲ್ಲ. ವೆಲ್ಡಿಂಗ್ ಮಾಡುವವನ ಮನೆಯಲ್ಲಿ ಏನೂ ಸಿಗದಿದ್ದುದೇ ಅವರಿಗೆ ಅತಿ ದೊಡ್ಡ ಸಾಕ್ಷಿಯಾಗಿ ಕಂಡಿತ್ತು. ಅಂಥ ಕರೆಂಟು ನುಂಗುವ ಯಂತ್ರ ಇಟ್ಟುಕೊಂಡು ಪ್ರಾಮಾಣಿಕನಾಗಿರಲು ಮನುಷ್ಯನಿಗೆ ಸಾಧ್ಯವೇ?

ಈಗ ಹಿಂದಿನ ವಾರದ್ದೆಲ್ಲ ಒಂದೊಂದಾಗಿ ನೆನಪಾಯಿತು. ಚಳಿ ಶುರುವಾದ ಎರಡನೆಯ ದಿನ ವೆಲ್ಡರ್ ಗೋಡೆಯ ಮೇಲಿಂದ ಒಂದು ಕಬ್ಬಿಣದ ಬಳೆ ದಾಟಿಸಿದ್ದ. ಅಗಲವಾದ ಬಳೆ, ಅದಕ್ಕೆ ನಾಲ್ಕು ಕಾಲು. ಸಿಸ್ಟರಮ್ಮ ಏಣಿ ಹತ್ತಿ ಅದನ್ನು ತೆಂಗಿನ ನೆತ್ತಿಯಲ್ಲಿ ಕೂರಿಸಿ, ಮೇಲೆ ಗೋಣಿ ಹೊದಿಸಿದ್ದರು. ಏನದು ಎಂದು ಕೇಳಿದಾಗ ಗೋಣಿ ಸುಳಿಗೆ ತಾಗದ ಹಾಗೆ ನಿಲ್ಲಿಸೋಕೆ ಎಂದಿದ್ದರು. ಎಷ್ಟು ಕೊಟ್ಟೆ ಎಂದರೆ, ಅವನು ಏನೂ ತಗೊಳ್ಳಲಿಲ್ಲ ಎಂದಿದ್ದರು. ಆಗ ಮಾವನಿಗೆ ಅದು ಹೊಳೆದಿರಲಿಲ್ಲ. ಈಗ ಹೊಳೆಯಿತು. ಪುಕ್ಕಟೆ ಕಬ್ಬಿಣ ಕೊಡುವ ವೆಲ್ಡರನನ್ನು ಈ ಭೂಮಿಯ ಮೇಲೆ ಯಾರಾದರೂ ಕಂಡಿದ್ದಾರೆಯೇ? ಹಾಗಾದರೆ ಅದಕ್ಕೆ ಬದಲು ಅವನು ಏನು ತೆಗೆದುಕೊಳ್ಳುತ್ತಿದ್ದಾನೆ?

ಇನ್ನೂ ಒಂದು ಇತ್ತು. ಅವರಿಬ್ಬರೂ ಗೋಡೆಯ ಬಳಿ ಮಾತಾಡುತ್ತ ನಿಂತಿದ್ದಾಗ ಮಾವ ಹೊರಗೆ ಬಂದರೆ ಮಾತು ನಿಂತುಹೋಗುತ್ತಿತ್ತು. ಒಮ್ಮೆಯಲ್ಲ, ಮೂರು ಸಲ ಹೀಗಾಗಿತ್ತು. ಹೆಂಡತಿ ಮರುಕದ ಜೀವ. ಅಕ್ಕ, ಈ ತಿಂಗಳು ಸ್ವಲ್ಪ ಕಷ್ಟ, ರಾತ್ರಿ ಮಾತ್ರ ಒಂದು ವೈರು ಎಳ್ಕೊಳ್ಳಲಾ ಎಂದು ಅವನು ಕೇಳಿದರೆ ಈಕೆ ಇಲ್ಲ ಎನ್ನುವವಳೇ? ಹಿಂದೆ ಸ್ವಂತ ತಮ್ಮನಿಗೆ ಆದದ್ದರ ಸಿಟ್ಟು ಬೇರೆ ಒಳಗೆ ಇರಬಹುದು. ಮಾವ ಆ ಯೋಚನೆಯನ್ನು ಪೂರ್ತಿ ಮಾಡಲಿಲ್ಲ, ಆದರೆ ಹೊರಗೂ ಹಾಕಲಿಲ್ಲ.

ಮರುದಿನ ಶೆಡ್ಡಿನ ಬಾಗಿಲಲ್ಲಿ ನಿಂತು ಸುತ್ತುಬಳಸಿ ವಿಚಾರಿಸಿದರು. ಚಳಿಯಲ್ಲಿ ಕೆಲಸ ಹೇಗೆ ನಡೆಯುತ್ತಿದೆ, ರಾತ್ರಿಯೂ ಮಾಡುತ್ತೀಯಾ ಎಂದರು. ವೆಲ್ಡರ್ ಕೈಯಲ್ಲಿದ್ದ ಸರಳನ್ನು ತಿರುಗಿಸುತ್ತ, ಇಲ್ಲ ಸಾರ್, ಏಳಕ್ಕೆಲ್ಲ ಬಾಗಿಲು ಹಾಕ್ತೀನಿ ಎಂದ. ಆಮೇಲೆ ಕೇಳದೆಯೇ, ಅಕ್ಕನಿಗೆ ನಿದ್ದೆ ಸರಿಯಾಗಿ ಆಗ್ತಿದೆಯಾ ಸಾರ್, ಪಾಪ, ಈ ವಯಸ್ಸಲ್ಲಿ ಎಂದು ಅರ್ಧಕ್ಕೇ ನಿಲ್ಲಿಸಿ, ಕಪ್ಪು ಕನ್ನಡಕ ಏರಿಸಿಕೊಂಡು ಕಿಡಿ ಹಾರಿಸತೊಡಗಿದ. ನನ್ನ ಹೆಂಡತಿಯ ನಿದ್ದೆಯ ಸುದ್ದಿ ಇವನಿಗೆ ಯಾಕೆ ಎಂದು ಮಾವ ಮನೆಯವರೆಗೂ ಹಲ್ಲು ಕಡಿಯುತ್ತ ಬಂದರು. ಅವನು ಏನನ್ನೋ ಮುಚ್ಚಿಡುತ್ತಿದ್ದಾನೆ ಎಂಬುದರಲ್ಲಿ ಸಂಶಯವೇ ಉಳಿಯಲಿಲ್ಲ. ಅದೇನೋ ನಿಜವೇ ಆಗಿತ್ತು.

ಹೆಂಡತಿಯನ್ನು ನೇರವಾಗಿ ಕೇಳಿಬಿಡಬಹುದಿತ್ತು. ಬೇರೆ ಯಾವ ಗಂಡನಾದರೂ ಕೇಳುತ್ತಿದ್ದ. ಆದರೆ ದಳದಲ್ಲಿ ಒಂದು ಕ್ರಮವಿತ್ತು, ಅದನ್ನು ಹೊಸಬರಿಗೆಲ್ಲ ಕಲಿಸಿದವರು ಮಾವನೇ. ಗುಮಾನಿ ಇರುವವನನ್ನು ಮೊದಲೇ ಕೇಳಬಾರದು. ಕೇಳಿದರೆ ಅವನು ವೈರು ಸುತ್ತಿ ಅಟ್ಟಕ್ಕೆ ಹಾಕುತ್ತಾನೆ, ನಿನ್ನ ಕೈಯಲ್ಲಿ ಗಾಳಿ ಉಳಿಯುತ್ತದೆ. ಸದ್ದಿಲ್ಲದೆ ಫ್ಯೂಸ್ ತೆಗೆ, ಮನೆಗೆ ಹೋಗಿ ಮಲಗು. ಬೆಳಿಗ್ಗೆ ಯಾರು ಕರೆಂಟಿಲ್ಲ ಎಂದು ಬರುತ್ತಾರೋ ನೋಡು, ಅವನೇ ಕಳ್ಳ. ಈ ಉಪಾಯ ಇಪ್ಪತ್ತನಾಲ್ಕು ವರ್ಷದಲ್ಲಿ ಒಂದು ಸಲವೂ ಕೈಕೊಟ್ಟಿರಲಿಲ್ಲ.

ಅಂದು ಸಂಜೆ ರೇಡಿಯೋದಲ್ಲಿ, ಇಂದಿನ ಇರುಳು ಇಲ್ಲಿಯವರೆಗಿನ ಎಲ್ಲ ಇರುಳಿಗಿಂತ ತಣ್ಣಗಿರುತ್ತದೆ ಎಂದು ಹೇಳಿದರು. ಸಿಸ್ಟರಮ್ಮ ಇನ್ನೆರಡು ಗೋಣಿ ಹೊದಿಸಿ ಬಂದರು. ಮಾವ ಮಲಗಲು ಹೋಗುವ ಮುಂಚೆ, ಆಕೆ ಅಡುಗೆಮನೆಯಲ್ಲಿದ್ದಾಗ, ಪೆಟ್ಟಿಗೆ ತೆರೆದು ಹೊರಗಿನ ಪಂಪಿನ ಲೈನಿನ ಫ್ಯೂಸ್ ಮಾತ್ರ ಕಿತ್ತು ಜೇಬಿಗೆ ಹಾಕಿಕೊಂಡರು. ಬೀಗ ಹಾಕಿದರು. ಕೀಲಿ ದಿಂಬಿನ ಕೆಳಗೆ ಸೇರಿತು. ಎಷ್ಟೋ ವರ್ಷದ ಮೇಲೆ ಕೆಲಸಕ್ಕೆ ಮರಳಿದಂತಾಗಿ, ಅವರಿಗೆ ಆ ದಿನ ಗಾಢವಾದ ನಿದ್ದೆ ಬಂತು.

ಬೆಳಿಗ್ಗೆ ಇಬ್ಬನಿ ಹೆಪ್ಪುಗಟ್ಟಿ ಹುಲ್ಲಿನ ಮೇಲೆ ಬಿಳಿ ಹುಡಿಯಂತೆ ಬಿದ್ದಿತ್ತು. ಆ ಊರಿನವರು ಅದನ್ನು ಮುಟ್ಟಿ ಮುಟ್ಟಿ ನೋಡಿದರು. ಮಾವ ನೋಡಿದ್ದು ಮೀಟರನ್ನು. ಇರುಳಿನಲ್ಲಿ ಹೆಚ್ಚಿಗೆ ಒಂದು ಕೂದಲೆಳೆಯಷ್ಟೂ ಓಡಿರಲಿಲ್ಲ. ಸಿಕ್ಕಿಬಿದ್ದ ಎಂದುಕೊಂಡರು. ಇನ್ನು ದೂರು ಬರಬೇಕಿತ್ತು, ಅಷ್ಟೇ.

ದೂರು ಬಂತು. ಮೊದಲು ಬಂದದ್ದು ಮನೆಯೊಳಗಿಂದಲೇ. ಸಿಸ್ಟರಮ್ಮ ಕಾಫಿ ತಂದಿಟ್ಟು, ಮುಖ ಬೇರೆ ಕಡೆ ಮಾಡಿ, ಪಂಪಿನ ಲೈನಿಗೆ ಕರೆಂಟ್ ಬರ್ತಿಲ್ಲ, ಸ್ವಲ್ಪ ನೋಡ್ತೀರಾ ಎಂದರು. ಕಣ್ಣು ಕೆಂಪಾಗಿತ್ತು, ಕೈ ನಡುಗುತ್ತಿತ್ತು. ಕಳ್ಳನ ಪರವಾಗಿ ವಕಾಲತ್ತು ಬೇರೆ ಎಂದು ಮಾವನ ಮನಸ್ಸು ಕಹಿಯಾಯಿತು. ನೋಡೋಣ ನೋಡೋಣ ಎಂದು ಪತ್ರಿಕೆ ಬಿಡಿಸಿದರು. ಆ ನಡುಕವನ್ನು ಅವರು ಅಪರಾಧದ ನಡುಕ ಎಂದೇ ಓದಿಕೊಂಡರು.

ಹತ್ತು ಗಂಟೆಗೆ ವೆಲ್ಡರನೂ ಬಂದ. ದಳದ ಕ್ರಮ ಹೇಳಿದಂತೆ, ತಾನಾಗಿಯೇ, ಕಾಲೆಳೆದುಕೊಂಡು ಗೇಟಿನ ಒಳಗೆ ಬಂದ. ಸಿಸ್ಟರಮ್ಮ ಔಷಧಿ ಅಂಗಡಿಗೆ ಹೋಗಿದ್ದರು. ಮಾವ ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ಬಾರಯ್ಯ. ರಾತ್ರಿ ಕರೆಂಟ್ ಇರಲಿಲ್ಲ ಅಂತ ಹೇಳೋಕೆ ಬಂದೆ, ಅಲ್ವಾ?"

"ನಮಗಿತ್ತು ಸಾರ್. ನಿಮ್ಮ ಪಂಪಿನ ಲೈನಿಗೆ ಮಾತ್ರ ಇರಲಿಲ್ಲವಂತೆ, ಅಕ್ಕ ಹೇಳಿದ್ರು. ಅದನ್ನ ನೋಡೋಣ ಅಂತ ಬಂದೆ. ನಿನ್ನೆಯಂಥ ಚಳೀಲಿ ಬಲ್ಬ್ ಉರೀಲಿಲ್ಲ ಅಂದ್ರೆ ಆ ಮರ..." ಎಂದವನು ನಾಲಿಗೆ ಕಚ್ಚಿಕೊಂಡ. "ನಿಮಗೆ ಹೇಳಬಾರ್ದು ಅಂದಿದ್ರು ಅಕ್ಕ."

"ಯಾವ ಬಲ್ಬ್?" ಎಂದರು ಮಾವ.

ವೆಲ್ಡರ್ ಒಲ್ಲದ ಮನಸ್ಸಿನಿಂದ ಹೇಳಿದ. ಹಿಂದೆ ಆಸ್ಪತ್ರೆಗೆ ಯಂತ್ರಗಳು ಬರುವ ಮುಂಚೆ, ತಿಂಗಳು ತುಂಬದೆ ಹುಟ್ಟಿದ ಕೂಸುಗಳನ್ನು ಮರದ ಪೆಟ್ಟಿಗೆಯಲ್ಲಿಟ್ಟು, ಮೇಲೆ ಬಲ್ಬ್ ಉರಿಸಿ ಬೆಚ್ಚಗೆ ಕಾಯುತ್ತಿದ್ದರಂತೆ. ಅಕ್ಕ ಹಾಗೆ ಎಷ್ಟೋ ಕೂಸುಗಳನ್ನು ಉಳಿಸಿದ್ದರಂತೆ. ತೆಂಗಿಗೂ ಹಾಗೇ ಮಾಡೋಣ ಎಂದು ಅವರೇ ಲೆಕ್ಕ ಹಾಕಿದ್ದರು. ಬಳೆಯೊಳಗೆ ನೂರು ವಾಟಿನ ಎರಡು ಬಲ್ಬು, ಗೋಣಿಗೂ ತಾಗಬಾರದು, ಎಲೆಗೂ ತಾಗಬಾರದು, ಅದಕ್ಕೇ ಬಳೆಗೆ ಕಾಲು. ಸಾರ್ ಮಲಗಿದ ಮೇಲೆ ವೈರು ಹಾಕುವುದು, ಏಳುವ ಮುಂಚೆ ಸುತ್ತಿಡುವುದು. ಏಳು ರಾತ್ರಿ ಹಾಗೆ ಕಾದಿದ್ದರು. ಬೀದಿಯ ಬಾಳೆ ಸತ್ತರೂ ಇದರ ಸುಳಿ ಹಸಿರಾಗಿತ್ತು. ಕಬ್ಬಿಣಕ್ಕೆ ಯಾಕೆ ಏನೂ ತಗೊಳ್ಳಲಿಲ್ಲ ಎಂದು ಮಾವ ಕೇಳಲಿಲ್ಲ. ಅವನೇ ಹೇಳಿದ, ನನ್ನ ಮಗಳು ಏಳು ತಿಂಗಳಿಗೆ ಹುಟ್ಟಿದ್ದು ಸಾರ್, ಅಕ್ಕನ ವಾರ್ಡಿನಲ್ಲೇ ಬದುಕಿದ್ದು ಎಂದ.

ಅವನು ಹೋದ ಮೇಲೆ ಮಾವ ಏಣಿ ಹತ್ತಿದರು. ಗೋಣಿ ಸರಿಸಿ ನೋಡಿದರು. ಎರಡು ಬಲ್ಬುಗಳು ತಣ್ಣಗೆ ತೂಗುತ್ತಿದ್ದವು. ಎಲೆಗಳು ಇನ್ನೂ ಹಸಿರಾಗಿಯೇ ಇದ್ದವು, ಆದರೆ ಆ ಹಸಿರು ಬೇಯಿಸಿದ ಸೊಪ್ಪಿನ ಹಸಿರು. ಇಳಿದು ಬಂದು, ಜೇಬಿನಲ್ಲಿದ್ದ ಫ್ಯೂಸನ್ನು ಅದರ ಜಾಗಕ್ಕೆ ಒತ್ತಿದರು.

ಸಿಸ್ಟರಮ್ಮ ಬಂದಾಗ, "ಫ್ಯೂಸ್ ಸಡಿಲ ಆಗಿತ್ತು, ಸರಿ ಮಾಡಿದೀನಿ" ಎಂದರು. ಅದು ಅವರ ಬಾಯಿಂದ ಆ ಮನೆಯಲ್ಲಿ ಹೊರಟ ಮೊದಲ ಶುದ್ಧ ಸುಳ್ಳು. ಆಕೆ ಹೂಂ ಎಂದು ಒಳಗೆ ಹೋದರು.

ಅಲ್ಲಿಂದ ಮುಂದಿನ ಮೂರು ವಾರ ಮಾವ ಅನುಭವಿಸಿದ್ದು ಅವರು ಹಿಡಿದ ಯಾವ ಕಳ್ಳನಿಗೂ ಬೇಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ. ಆಕೆ ತಟ್ಟೆ ಸ್ವಲ್ಪ ಸದ್ದಾಗುವಂತೆ ಇಟ್ಟರೆ ಗೊತ್ತಾಗಿದೆ ಎಂದುಕೊಳ್ಳುವರು. ಮೆಲ್ಲಗೆ ಇಟ್ಟರೆ ಗೊತ್ತಾಗಿಯೂ ಸುಮ್ಮನಿದ್ದಾಳೆ ಎಂದುಕೊಳ್ಳುವರು. ವೆಲ್ಡರ್ ಹೇಳಿಬಿಟ್ಟನೇ ಎಂದು ಗೋಡೆಯ ಕಡೆ ಕಿವಿ ಇಡುವರು. ವೆಲ್ಡರನಿಗೆ ಫ್ಯೂಸಿನ ಸಂಗತಿ ತಿಳಿದೇ ಇರಲಿಲ್ಲ, ಆದರೂ ಅವನು ತನ್ನನ್ನು ಒಂದು ಥರಾ ನೋಡುತ್ತಾನೆ ಎಂದು ಇವರಿಗೆ ಅನ್ನಿಸುತ್ತಿತ್ತು.

ಪಾಮ್ ಜಾತಿಯ ಮರಗಳು ಸತ್ತ ಸುದ್ದಿಯನ್ನು ತಕ್ಷಣ ಹೇಳುವುದಿಲ್ಲ. ವಾರಗಟ್ಟಲೆ ಕಾಯಿಸುತ್ತವೆ. ಚಳಿ ಕಳೆದು ಬಿಸಿಲು ಬಂದ ಮೇಲೆ ತೆಂಗಿನ ಗರಿಗಳು ತುದಿಯಿಂದ ಕಂದತೊಡಗಿದವು. ಕಡಿದು ಹಾಕಿ, ಚೆನ್ನಾಗಿ ಕಾಣುತ್ತೆ ಎಂದು ಬೀದಿಯವರು ಹೇಳಿದರು. ಸಿಸ್ಟರಮ್ಮ ಕತ್ತಿ ಮುಟ್ಟಗೊಡಲಿಲ್ಲ. ಒಣಗಿದ ಗರಿಯೂ ಸುಳಿಗೆ ಹೊದಿಕೆ, ಚಳಿ ಮತ್ತೆ ಬಂದರೆ ಅದೇ ಗತಿ ಎಂದರು. ಬೀಸಣಿಗೆ ಪಾಮಿನ ಎಲೆಗಳೂ ಅರ್ಧ ಸುಟ್ಟಿದ್ದವು. ಈಚಲಿಗೆ ಮಾತ್ರ ಏನೂ ಆಗಿರಲಿಲ್ಲ.

ಮಾವನಿಗೆ ತಿಳಿದಿದ್ದ ಕೆಲಸ ಒಂದೇ, ರೀಡಿಂಗ್ ತೆಗೆಯುವುದು. ಯಾರೂ ಇಲ್ಲದ ಹೊತ್ತಿನಲ್ಲಿ ಏಣಿ ಹತ್ತಿ, ಮೂರೂ ಮರಗಳ ಬಿಚ್ಚದ ಸುಳಿಯ ಮೇಲೆ, ಪಕ್ಕದ ಎಲೆಯ ದಂಟಿನ ಮಟ್ಟಕ್ಕೆ, ಪೆನ್ಸಿಲಿನಿಂದ ಒಂದು ಗೆರೆ ಎಳೆದರು. ಸುಳಿ ಬೆಳೆದರೆ ಗೆರೆ ಮೇಲೆ ಹೋಗಬೇಕು. ಈಗ ಬೆಳಿಗ್ಗೆ ಆರಕ್ಕೆ ಅವರು ಹೋಗುತ್ತಿದ್ದುದು ಮರಗಳ ಬಳಿಗೆ. ಈಚಲಿನ ಗೆರೆ ಹತ್ತು ದಿನದಲ್ಲಿ ಎರಡು ಬೆರಳು ಏರಿತು. ಬೀಸಣಿಗೆ ಪಾಮಿನದು ಹದಿನೈದನೆಯ ದಿನ ಗೋಧಿಕಾಳಿನಷ್ಟು ಏರಿತು, ಅಂದು ಮಾವ ಏಣಿಯ ಮೇಲೆಯೇ ಸ್ವಲ್ಪ ಹೊತ್ತು ನಿಂತಿದ್ದರು. ತೆಂಗಿನ ಗೆರೆ ಇದ್ದಲ್ಲೇ ಇತ್ತು. ಕ್ಯಾಲೆಂಡರಿನ ಒಂದೊಂದು ಮನೆಯಲ್ಲೂ ಸೊನ್ನೆ ಬರೆದರು. ಹೊಂಬಾಳೆ ಬಿಚ್ಚದೆಯೇ ಕಪ್ಪಾಯಿತು. ಜೀವಮಾನದಲ್ಲಿ ಮೀಟರು ಓಡಲಿ ಎಂದು ಅವರು ಹಾರೈಸಿದ್ದು ಅದೇ ಮೊದಲು.

ಹೇಳಿಬಿಡೋಣ ಎಂದು ಎಷ್ಟೋ ಸಲ ಬಾಯಿ ತೆರೆದರು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ, ಹೇಳಿ ಏನು ಪ್ರಯೋಜನ ಎಂದು ಮುಚ್ಚಿಕೊಂಡರು. ಅದಕ್ಕಿಂತ ದೊಡ್ಡ ಕಾರಣ ಹೆದರಿಕೆ. ಇಷ್ಟು ವರ್ಷ ಎದುರಿನವರ ಕಣ್ಣಲ್ಲಿ ಅವರು ಕಂಡಿದ್ದು ಇದೇ ಹೆದರಿಕೆಯನ್ನು, ಮತ್ತು ಅದನ್ನು ಕಂಡಾಗಲೆಲ್ಲ ಅವರಿಗೆ ಖುಷಿಯಾಗಿತ್ತು. ಈಗ ಅದು ನೆನಪಾಗಿ ನಾಚಿಕೆಯಾಯಿತು.

ಇಪ್ಪತ್ತೆರಡನೆಯ ದಿನ ಸಿಸ್ಟರಮ್ಮ ತಾವೇ ಏಣಿ ತಂದು ಒರಗಿಸಿದರು. ಮಾವ ಕೆಳಗೆ ಏಣಿ ಹಿಡಿದುಕೊಂಡರು. ಆಕೆ ಎರಡು ಬೆರಳಿನಿಂದ, ಕೂಸಿನ ನಾಡಿ ಹಿಡಿದಂತೆ, ಸುಳಿಯನ್ನು ಹಿಡಿದು ಮೆಲ್ಲಗೆ ಎಳೆದರು. ಬದುಕಿರುವ ಸುಳಿ ಬರುವುದಿಲ್ಲ. ಇದು ಬಂತು. ಹುಳಿವಾಸನೆ ಕೆಳಗಿನವರೆಗೂ ಇಳಿಯಿತು. ಸುಳಿಯ ಬುಡ ಕಂದುಬಣ್ಣದ ಲೋಳೆಯಾಗಿತ್ತು. ಆಕೆ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಇಳಿದು, ಮೆಟ್ಟಿಲ ಮೇಲೆ ಕೂತರು.

"ಹೋಯ್ತು. ನಿಮಗೆ ಹೇಳ್ದೆ ದಿನಾ ರಾತ್ರಿ ಬಲ್ಬ್ ಉರಿಸ್ತಿದ್ದೆ ರೀ. ಆ ಒಂದು ರಾತ್ರಿ ಕಾದಿದ್ರೆ ಸಾಕಿತ್ತು. ನನ್ನ ವೈರೇ ಹಳೇದು, ಅದೇ ಲೈನ್ ಕೆಡಿಸ್ತೋ ಏನೋ."

ಆಕೆ ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುತ್ತಿದ್ದಾರೆ ಎಂದು ಗೊತ್ತಾದ ಮೇಲೆ ಮಾವನಿಗೆ ತಡೆಯಲಾಗಲಿಲ್ಲ.

"ವೈರಿಂದಲ್ಲ. ಫ್ಯೂಸ್ ಸಡಿಲ ಆಗಿರಲಿಲ್ಲ. ನಾನೇ ತೆಗೆದಿದ್ದೆ."

ಸಿಸ್ಟರಮ್ಮ ತಲೆಯೆತ್ತಿದರು. "ಯಾಕೆ?"

ಮದುವೆಯಾಗಿ ಮೂವತ್ತನಾಲ್ಕು ವರ್ಷದಲ್ಲಿ ಈ ಪ್ರಶ್ನೆ ಆ ಮನೆಯಲ್ಲಿ ಆ ದಿಕ್ಕಿನಿಂದ ಬಂದದ್ದು ಅವತ್ತೇ. ಮಾವ ಎಲ್ಲವನ್ನೂ ಹೇಳಿದರು. ಏರಿದ ಎರಡು ಯೂನಿಟ್ಟು, ಪ್ಲಗ್ಗಿನ ಧೂಳು, ಪುಕ್ಕಟೆ ಬಳೆ, ವೆಲ್ಡರನ ಅರ್ಧ ಮಾತು. ನೀನೇ ಅವನಿಗೆ ಕರೆಂಟ್ ಕೊಡುತ್ತಿದ್ದೀಯ ಎಂದುಕೊಂಡಿದ್ದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಕೆನ್ನೆ ಒದ್ದೆಯಾಗಿತ್ತು. ಎಲ್ಲ ಮುಗಿದ ಮೇಲೂ ಮಾವನಿಗೆ ಒಂದು ವಿಷಯ ಬಗೆಹರಿದಿರಲಿಲ್ಲ. ಅದನ್ನೂ ಕೇಳಿಯೇಬಿಟ್ಟರು.

"ರಾತ್ರಿ ಬಲ್ಬ್ ಹತ್ತಲಿಲ್ಲ ಅಂದಾಗ ನನ್ನ ಯಾಕೆ ಎಬ್ಬಿಸಲಿಲ್ಲ ನೀನು? ಕೀಲಿ ದಿಂಬಿನ ಕೆಳಗೇ ಇತ್ತು. ಎರಡು ನಿಮಿಷದ ಕೆಲಸ."

ಸಿಸ್ಟರಮ್ಮ ಕೈಯಲ್ಲಿದ್ದ ಸುಳಿಯನ್ನು ಪಕ್ಕಕ್ಕೆ ಇಟ್ಟರು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

"ಬಂದಿದ್ದೆ. ನಿಮ್ಮ ಮಂಚದ ಹತ್ರ ಬಂದು ನಿಂತ್ಕೊಂಡೆ. ಎಬ್ಬಿಸಿದ್ರೆ ಏನೇನು ಕೇಳ್ತೀರಿ ಅಂತ ಒಂದೊಂದಾಗಿ ನೆನಸ್ಕೊಂಡೆ. ಬಲ್ಬ್ ಎಲ್ಲಿಂದ ತಂದೆ, ಎಷ್ಟು ದಿನದಿಂದ, ಯಾರಿಗೆಲ್ಲ ಗೊತ್ತು, ನನಗ್ಯಾಕೆ ಹೇಳಲಿಲ್ಲ ಅಂತೆಲ್ಲಾ. ಅಷ್ಟಕ್ಕೂ ಉತ್ತರ ಹೇಳೋ ತ್ರಾಣ ಇರಲಿಲ್ಲ ರೀ ನನಗೆ. ಅದಕ್ಕಿಂತ ನೀರು ಕಾಯಿಸೋದೇ ಸುಲಭ ಅನ್ನಿಸ್ತು. ಬಾಟ್ಲಿಗೆ ಬಿಸಿನೀರು ತುಂಬಿಸ್ಕೊಂಡು, ಬೆಳಗಾಗೋ ತನಕ ಏಣಿ ಹತ್ತಿ ಇಳಿದೆ."

ಅರವತ್ತು ದಾಟಿದ ಹೆಂಗಸು, ಹುಲ್ಲಿನ ಮೇಲೆ ಬಿಳಿ ಹುಡಿ ಬೀಳುವ ಚಳಿಯಲ್ಲಿ, ಒಬ್ಬಳೇ. ಎಷ್ಟು ಸಲ ಹತ್ತಿದೆ ಎಂಬ ಮಾತು ಮಾವನ ನಾಲಿಗೆಯ ತುದಿಯವರೆಗೆ ಬಂತು. ಅವರು ಅದನ್ನು ಕೇಳಲಿಲ್ಲ. ಏಣಿಯನ್ನು ಹಿಡಿದುಕೊಂಡೇ ನಿಂತಿದ್ದರು, ಅದರ ಮೇಲೆ ಯಾರೂ ಇರಲಿಲ್ಲ.